ಬೀಗರ ಒದೆ

ಬಸವಕಲ್ಯಾಣ
12 ನವೆಂಬರ್ 1997

ಪ್ರೀತಿಯ ಮಾಣಿಕ,

ಶರಣು ಶರಣಾರ್ಥಿ. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಬಲಗಾಲಿನ ಹಿಮ್ಮಡಿ ಒಂದನ್ನು ಬಿಟ್ಟು. ಅದೂ ಈಗ ಸುಧಾರಿಸಿದೆ. ಅದರ ಕಥೆ ಆಮೇಲೆ.

ಮೊದಲು ಮುಖ್ಯ ಮಾತು. ಮೂವತ್ತನೇ ತಾರೀಖು ಭಾನುವಾರ ನಮ್ಮ ಭುವನೇಶ್ವರಿಗೂ ನಿಮ್ಮ ಬಸವಕಿರಣನಿಗೂ ಸಾಕರಪುಡಾ ಮಾಡಿ ಮುಗಿಸೋಣ. ನಾಲ್ಕು ಜನರ ಮುಂದೆ ಸಕ್ಕರೆ ಹಂಚಿ, ಮದುವೆ ಗಟ್ಟಿ ಎಂದುಬಿಟ್ಟರೆ ನನಗೂ ನಿದ್ದೆ ಬರುತ್ತದೆ. ಕೊಹಿನೂರಿನಲ್ಲಿ ಒಂದೇ ಓಣಿಯಲ್ಲಿ ಬೆಳೆದು, ಒಂದೇ ಜೋಡಿ ತಾಳದಲ್ಲಿ ಸರದಿಯ ಮೇಲೆ ಭಜನೆ ಕಲಿತವರು ನಾವು. ಈಗ ಬೀಗರಾಗುತ್ತಿದ್ದೇವೆ. ನಿನ್ನನ್ನು ಬೀಗರೇ ಎಂದು ಕರೆದು ನೋಡಿದೆ, ಒಬ್ಬನೇ ಕೂತು ನಕ್ಕೆ.

ಇನ್ನು ಹಿಮ್ಮಡಿ. ಎರಡು ತಿಂಗಳಿಂದ ಬೆಳಿಗ್ಗೆ ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಯ ಮೇಲಿನ ನರ ಹಿಡಿದು ಎಳೆದಂತಾಗುತ್ತಿತ್ತು. ಅಂಗಡಿಯಲ್ಲಿ ಯಾರಾದರೂ ಬೆಲ್ಲ ಕೇಳಿದರೆ, ಏಳಲಾರದೆ ಬೆಲ್ಲ ಮುಗಿದಿದೆ ಎನ್ನುತ್ತಿದ್ದೆ. ಇಲ್ಲಿ ಹೊಸದಾಗಿ ಬಂದ ಡಾಕ್ಟರು ಸರಿಯಾಗಿ ಆ ಜಾಗಕ್ಕೇ ಒಂದು ಸೂಜಿ ಹಾಕಿದರು. ನೋವು ಮಾಯ! ಕೆಲವು ದಿನ ಬಿಟ್ಟು ಇನ್ನೊಂದು ಹಾಕಿಸಿಕೊಂಡೆ. ಮೂರನೆಯದಕ್ಕೆ ಅವರು ಒಪ್ಪಲಿಲ್ಲ, ನಾನು ಒಪ್ಪಿಸಿದೆ. “ನೋವು ಹೋಗೇದ ಅಂತ ಓಡಾಡಬ್ಯಾಡ್ರಿ, ಒಂದು ತಿಂಗಳು ಆ ಕಾಲಿಗಿ ಆರಾಮ ಕೊಡ್ರಿ” ಎಂದು ಗದರಿಸಿ ಕಳಿಸಿದರು.

ಹೆಣ್ಣಿನ ತಂದೆಗೆ ಎಲ್ಲಿಯ ಆರಾಮ? ನಿಮ್ಮ ಮಂದಿ ಟೆಂಪೋ ಇಳಿದಲ್ಲಿಂದ ನಮ್ಮ ಬಾಗಿಲವರೆಗೆ ಹೆಜ್ಜೆ ಹಾಕುತ್ತ ಭಜನೆಯಲ್ಲಿ ಕರೆತರುತ್ತೇನೆ. ಎಲ್ಲರಿಗಿಂತ ಮುಂದೆ ನಾನೇ ಇರುತ್ತೇನೆ, ನೋಡುತ್ತಿರು.

ನಿನ್ನ
ಬಸವಣಪ್ಪ


ಹುಮನಾಬಾದ
18 ನವೆಂಬರ್ 1997

ಪ್ರೀತಿಯ ಬಸವಾ,

ಶರಣಾರ್ಥಿ. ಮೂವತ್ತಕ್ಕೆ ಬರುತ್ತೇವೆ. ಒಂದು ಟೆಂಪೋ ಸಾಲದೆಂದು ಎರಡು ಹೇಳಿದ್ದೇನೆ. ಭುವನೇಶ್ವರಿಗೆಂದು ಅಂಗಡಿಯಲ್ಲಿದ್ದ ಒಳ್ಳೆಯ ಇಳಕಲ್ ಸೀರೆಯನ್ನು ತೆಗೆದಿಟ್ಟಿದ್ದೇನೆ. ಅದನ್ನು ಮೂರು ಗಿರಾಕಿಗಳು ಕೇಳಿದರು, ಮೂವರಿಗೂ ಸುಳ್ಳು ಹೇಳಿದೆ.

ನಿನ್ನ ಸೂಜಿಯ ಪುರಾಣ ನನಗೆ ಹಿಡಿಸಲಿಲ್ಲ. ಡಾಕ್ಟರು ಕುಳಿತುಕೋ ಎಂದರೆ ಕುಳಿತುಕೋ. ನಿನಗೆ ಅರವತ್ತು ಹತ್ತಿರ ಬಂತು, ಇನ್ನೂ ಹುಡುಗಾಟ ಬಿಟ್ಟಿಲ್ಲ. ನೀನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂಡು, ಭಜನೆಯಲ್ಲಿ ಮುಂದೆ ನಾನು ನಿಲ್ಲುತ್ತೇನೆ. ಗಂಡಿನ ತಂದೆ ತಾಳ ಹಿಡಿಯಬಾರದೆಂದು ಯಾರೂ ಹೇಳಿಲ್ಲ.

ನನ್ನ ಮಾತು ನೀನು ಕೇಳುವುದಿಲ್ಲ ಎಂದು ಗೊತ್ತು. ಆದರೂ ಬರೆದೆ.

ನಿನ್ನ
ಮಾಣಿಕಪ್ಪ


ಬಸವಕಲ್ಯಾಣ
4 ಡಿಸೆಂಬರ್ 1997

ಶ್ರೀ ಮಾಣಿಕಪ್ಪನವರಿಗೆ,

ತಾವು ಕ್ಷೇಮವಾಗಿ ಊರು ಸೇರಿರಬಹುದು. ನಾನು ಮಂಚ ಸೇರಿದ್ದೇನೆ.

ಭಾನುವಾರ ನಡೆದದ್ದು ತಮಗೆ ಮರೆತಿದ್ದರೆ ನೆನಪಿಸುತ್ತೇನೆ. ನಾನು ತಾಳ ಬಾರಿಸುತ್ತ ಮುಂದೆ ಹೆಜ್ಜೆ ಹಾಕುತ್ತಿದ್ದೆ. ತಾವು ಬೀಗರ ಸಾಲಿನಲ್ಲಿ ಗಂಭೀರವಾಗಿ ಬರುವುದನ್ನು ಬಿಟ್ಟು, ಯಾರ ಕೈಯಿಂದಲೋ ತಾಳ ಕಸಿದುಕೊಂಡು ನನ್ನ ಬೆನ್ನ ಹಿಂದೆ ಬಂದು ಸೇರಿದಿರಿ. ಲಾಲ್ ಅಹ್ಮದ್ ಟೇಲರನ ಅಂಗಡಿಯ ಎದುರು, ನಾನು ಬಲಗಾಲು ಊರಿ ಮುಂದಕ್ಕೆ ಜಿಗಿಯುವಷ್ಟರಲ್ಲಿ, ಹಿಮ್ಮಡಿಯ ಮೇಲೆ ಫಟ್ ಎಂದು ಒದೆ ಬಿತ್ತು. ಅಷ್ಟು ತಾಳಗಳ ನಡುವೆಯೂ ಅದರ ಸಪ್ಪಳ ಎಲ್ಲರಿಗೂ ಕೇಳಿಸಿತು. “ಯಾವಲೇ ಒದ್ದಾಂವ!” ಎಂದು ತಿರುಗಿದೆ. ಹಿಂದೆ ಇದ್ದವರು ತಾವು ಒಬ್ಬರೇ.

ಗರ್ದಿಯ ನೂಕುನುಗ್ಗಲಿನಲ್ಲಿ ಆಯಿತೆಂದು ಅಲ್ಲಿಗೇ ಬಿಡುತ್ತಿದ್ದೆ. ಆದರೆ ತಾವು ಏನು ಮಾಡಿದಿರಿ? ಎಲ್ಲರ ಕಣ್ಣೆದುರು ಬಗ್ಗಿ, ನನ್ನ ಹಿಮ್ಮಡಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿರಿ. ಕಾಲು ತಾಗಿಸಿದವನು ತಾನೇ ಹಾಗೆ ಮಾಡುವುದು? ಮರುಕ್ಷಣವೇ “ನಾ ಒದ್ದಿಲ್ಲಪ್ಪಾ” ಎಂದಿರಿ. ಒದೆಯದವರು ನಮಸ್ಕಾರ ಯಾಕೆ ಮಾಡಿದಿರಿ? ಸಕ್ಕರೆ ಹಂಚಿದ್ದಾಯಿತು, ಆದರೆ ತಮ್ಮ ಮಂದಿ ಊಟ ಮಾಡದೆ ಎದ್ದು ಹೋದರು. ಹೋಳಿಗೆಯನ್ನು ನಾವು ಮೂರು ದಿನ ತಿಂದೆವು.

ಭಜನೆಯಲ್ಲಿ ಮುಂದೆ ನಿಲ್ಲುವ ಆಸೆ ತಮಗೆ ಸಣ್ಣಂದಿನಿಂದ ಇದ್ದದ್ದೇ. “ಮುಂದೆ ನಾನು ನಿಲ್ಲುತ್ತೇನೆ” ಎಂದು ತಾವೇ ಬರೆದ ಪತ್ರವೂ ನನ್ನ ಹತ್ತಿರ ಇದೆ.

ಐದು ಜನ ಹಿರಿಯರ ಮುಂದೆ “ಒದ್ದದ್ದು ನಾನೇ, ತಪ್ಪಾಯಿತು” ಎಂದು ತಾವು ಹೇಳಬೇಕು. ಅಲ್ಲಿಯವರೆಗೆ, ಅಂದು ಗೊತ್ತು ಮಾಡಿದ ಮಾರ್ಚ್ ಹದಿನೈದರ ಮದುವೆಯ ಮಾತು ಬೇಡ. ತಂದೆಯನ್ನು ಒದ್ದ ಮನೆಗೆ ಮಗಳನ್ನು ಹೇಗೆ ಕೊಡಲಿ?

ಇಂತಿ ತಮ್ಮ ವಿಶ್ವಾಸಿ
ಬಸವಣಪ್ಪ


ಹುಮನಾಬಾದ
9 ಡಿಸೆಂಬರ್ 1997

ಬಸವಣಪ್ಪಾ,

ನಿನ್ನ ಪತ್ರ ಓದಿದೆ. ಒದೆ ನಿನಗೆ ಬಿತ್ತೋ ಇಲ್ಲವೋ ನಾನರಿಯೆ. “ತಾವು” ಎಂಬ ಒದೆ ಮಾತ್ರ ನನಗೆ ಸರಿಯಾಗಿ ಬಿತ್ತು.

ನಾನು ಒದ್ದಿಲ್ಲ. ನನ್ನ ಕಾಲು ನಿನಗೆ ತಾಗಿಯೂ ಇಲ್ಲ. ನಮಸ್ಕಾರ ಯಾಕೆ ಮಾಡಿದೆ ಎಂದು ಕೇಳುತ್ತೀ. ನಮ್ಮವ್ವ ಕಲಿಸಿದ್ದು ಹಾಗೆ, ನಿನಗೂ ಅವಳೇ ಕಲಿಸಿದ್ದು: ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಯಾರ ಕಾಲು ಯಾರಿಗೆ ತಾಗಿತು ಎಂದು ಲೆಕ್ಕ ಹಾಕುತ್ತ ಕೂಡಬಾರದು. ಬಸ್ಸಿನಲ್ಲಿ ಬೇರೆಯವರು ನನ್ನ ಕಾಲು ತುಳಿದರೂ ನಾನೇ ಬಗ್ಗಿ ನಮಸ್ಕಾರ ಮಾಡುತ್ತೇನೆ. ಹೋದ ವಾರ ಅಂಗಡಿಯಲ್ಲಿ ಬಟ್ಟೆಯ ಗಂಟಿಗೆ ಕಾಲು ತಾಗಿತು, ಅದಕ್ಕೂ ಮಾಡಿದೆ. ನೀನು “ಒದ್ದಾಂವ” ಎಂದು ಕೂಗಿದೆ, ನನ್ನ ಸೊಂಟ ತಾನೇ ಬಗ್ಗಿತು. ಬುದ್ಧಿಯನ್ನು ಕೇಳಿ ಬಗ್ಗಲಿಲ್ಲ.

ಮಾಡದ ತಪ್ಪನ್ನು ಐದು ಜನರ ಮುಂದೆ ಒಪ್ಪಿಕೊಂಡರೆ ನಾಳೆ ನಮ್ಮ ಮನೆತನಕ್ಕೇ ಒದೆಯುವವರು ಎಂಬ ಹೆಸರು ಬರುತ್ತದೆ. ಅದು ನನ್ನಿಂದ ಆಗದು. ನೀನು ಕಾಲು ತೋರಿಸಿಕೋ. ಆ ಸೂಜಿ ಹಾಕಿದವರನ್ನಾದರೂ ಕೇಳು.

ಮಾಣಿಕಪ್ಪ


ಬಸವಕಲ್ಯಾಣ
5 ಜನವರಿ 1998

ಚಿ. ಸೌ. ಅನುರಾಧಾಗೆ ನಿನ್ನ ಅವ್ವ ಮೀರಾಬಾಯಿ ಮಾಡುವ ಆಶೀರ್ವಾದಗಳು.

ಉದಗೀರದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಿನ್ನ ತಂಗಿಯ ಮದುವೆ ಆಗುವುದೋ ಇಲ್ಲವೋ ಎಂದು ಕೇಳಿದ್ದೀ. ಅದು ನಿಮ್ಮಪ್ಪನ ಹಿಮ್ಮಡಿಯ ಕೈಯಲ್ಲಿದೆ.

ಅವರು ಮಂಚದ ಮೇಲೆ ಅರಿಶಿಣದ ಪಟ್ಟಿ ಕಟ್ಟಿಕೊಂಡು ಕೂತಿದ್ದಾರೆ. ನೋಡಲು ಬಂದವರಿಗೆಲ್ಲ ಒದೆಯ ಕಥೆ ಹೇಳುತ್ತಾರೆ. ಮೊದಲು ಅದು ಬರೀ ಒದೆ ಆಗಿತ್ತು. ಆಮೇಲೆ ಮಾಣಿಕಪ್ಪಣ್ಣ ಕಾಲು ಎತ್ತಿ ಒದ್ದ ಎಂದಾಯಿತು. ನಿನ್ನೆ ಮಂಠಾಳದಿಂದ ಬಂದ ತುಳಜಾಬಾಯಿ ಅತ್ತೆಗೆ ಹೇಳುವಾಗ ಅವನು ದೂರದಿಂದ ಓಡಿ ಬಂದು ಒದ್ದಿದ್ದ. ಇನ್ನೊಂದು ವಾರ ಬಿಟ್ಟರೆ ಹುಮನಾಬಾದಿನಿಂದಲೇ ಓಡಿ ಬರುತ್ತಾನೆ.

ನನಗೆ ಆ ಕಾಲಿನದೇ ಚಿಂತೆ. ಬಾವು ಇಳಿದಿದೆ, ಆದರೂ ಮನುಷ್ಯ ತುದಿಗಾಲ ಮೇಲೆ ನಿಲ್ಲಲಾರ. ಗೋಡೆಗೆ ಹೊಡೆದ ಮೇಲಿನ ಫಳಿಯಿಂದ ಒಂದು ಡಬ್ಬಿ ತೆಗೆಯಲೂ ಬರುವುದಿಲ್ಲ. ಹಿಮ್ಮಡಿಯ ಮೇಲೆ ಬೆರಳಿಟ್ಟರೆ ನರ ಇರಬೇಕಾದ ಕಡೆ ತಗ್ಗು ಬಿದ್ದಿದೆ. ಬರೀ ಒದೆಗೆ ಹೀಗಾಗುತ್ತದೆಯೇ?

ಭುವನೇಶ್ವರಿ ಒಂದು ತಿಂಗಳು ತಡೆದುಕೊಂಡಿದ್ದಳು. ಮೊನ್ನೆ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟಳು: “ಅಪ್ಪಾ, ಕಾಲು ನಿಂದು. ನನ್ನ ಮದುವಿ ಯಾಕ ಕುಂಟಬೇಕು?” ಅವಳು ಒಳಗೆ ಹೋಗಿ ಅತ್ತಳು. ನಿಮ್ಮಪ್ಪ ಹೊರಗೆ ಕೂತು ತಟ್ಟೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಇದ್ದರು, ಉಣ್ಣಲಿಲ್ಲ.

ಸೊಲ್ಲಾಪುರದ ಮೂಳೆ ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಎಷ್ಟು ಗೋಗರೆದರೂ ಕೇಳದವರು ಈಗ ತಾವಾಗಿ ಹೊರಟಿದ್ದಾರೆ. ಯಾಕೆ ಗೊತ್ತೇ? “ಇದು ಒದ್ದದ್ದರಿಂದಲೇ ಆಗೇದ ಅಂತ ಡಾಕ್ಟರ ಕಡಿಂದ ಸರ್ಟಿಫಿಕೇಟು ಬರಸಿಕೊಂಡು ಬರ್ತೀನಿ. ಅದನ್ನ ಹುಮನಾಬಾದದ ಚೌಕದಾಗ ಓದಸ್ತೀನಿ” ಎನ್ನುತ್ತಾರೆ. ಯಾವ ನೆಪಕ್ಕಾದರೂ ಹೋಗಲಿ. ಸಂಕ್ರಾಂತಿ ಮುಗಿಸಿ ಹೊರಡುತ್ತೇವೆ.

ನಿನಗೆ ಈಗ ಏಳನೇ ತಿಂಗಳು, ಭಾರ ಎತ್ತಬೇಡ. ಮದುವೆಗೆ ಬರಲು ಡಾಕ್ಟರು ಬಿಡದಿದ್ದರೆ ಹಟ ಮಾಡಬೇಡ. ಡಾಕ್ಟರ ಮಾತು ಕೇಳದವರು ಮನೆಯಲ್ಲಿ ಒಬ್ಬರಿದ್ದರೆ ಸಾಕು.

ನಿನ್ನ ಅವ್ವ
ಮೀರಾಬಾಯಿ


ಸೊಲ್ಲಾಪುರ
27 ಜನವರಿ 1998

ಪ್ರೀತಿಯ ಮಾಣಿಕ,

ಈ ಪತ್ರವನ್ನು ಆಸ್ಪತ್ರೆಯ ಮಂಚದ ಮೇಲಿಂದ ಬರೆಯುತ್ತಿದ್ದೇನೆ. ನಾಳೆ ನನ್ನ ಕಾಲು ಕೊಯ್ದು ಹೊಲಿಯುತ್ತಾರೆ. ಅದಕ್ಕೆ ಮುಂಚೆ ನಿನಗೆ ಇದು ತಲುಪಬೇಕಿತ್ತು, ತಲುಪುವುದಿಲ್ಲ. ಆದರೂ ಬರೆಯದೆ ಮಲಗಲಾರೆ.

ಇಲ್ಲಿನ ಡಾಕ್ಟರು ನನ್ನನ್ನು ಬೋರಲು ಮಲಗಿಸಿ ಎಡಗಾಲಿನ ಮೀನಖಂಡವನ್ನು ಹಿಂಡಿದರು. ಪಾದ ಅಲುಗಾಡಿತು. ಬಲಗಾಲಿನದನ್ನು ಹಿಂಡಿದರು. ಪಾದ ಗಪ್‌ಚುಪ್. ಇನ್ನೊಮ್ಮೆ ಹಿಂಡಿದರು, ಆದರೂ ಅದು ತನಗೆ ಹೇಳಿದ್ದಲ್ಲ ಎನ್ನುವಂತೆ ಬಿದ್ದಿತ್ತು. ಆಮೇಲೆ ಅವರು ಒಂದೊಂದಾಗಿ ಕೇಳತೊಡಗಿದರು.

“ಫಟ್ ಅಂತ ಸಪ್ಪಳ ಬಂತೇನ್ರಿ?”

“ಬಂತ್ರಿ.”

“ಹಿಂದಿಂದ ಯಾರೋ ಒದ್ದಂಗ ಆತೇನು?”

“ಹೌದ್ರಿ! ಅದನ್ನ ಜರಾ ಕಾಗದದ ಮ್ಯಾಲ ಬರದು ಕೊಡ್ರಿ.”

“ತಿರುಗಿ ಯಾರಿಗಿ ಬೈದ್ರಿ?”

“ನಮ್ಮ ಬೀಗರಿಗ್ರಿ.”

ಡಾಕ್ಟರು ಕನ್ನಡಕ ತೆಗೆದು ನಕ್ಕರು. “ಎಲ್ಲಾರೂ ಯಾರಿಗರೇ ಬೈತಾರ್ರಿ. ದೀಪಾವಳಿ ಮುಂದ ಒಬ್ಬಾಂವ ಬಂದಿದ್ದ, ಹೆಂಡತಿಗಿ ಬೈದಿದ್ದ. ಅದಕ್ಕೂ ಮೊದಲ ಒಬ್ಬಾಂವ ಗ್ವಾಡಿಗಿ ಬೈದಿದ್ದ. ಅವನ ಹಿಂದ ಯಾರೂ ಇರಲಿಲ್ಲ, ಪಾಪ.”

ಮಾಣಿಕ, ಒದೆ ಬೀಳಲೇ ಇಲ್ಲ. ಹಿಮ್ಮಡಿಯ ಮೇಲಿನ ಆ ದಪ್ಪ ನರ ಹರಿಯಿತು. ಹರಿಯುವಾಗ ಹಿಂದಿನಿಂದ ಒದ್ದಂತೆಯೇ ಆಗುತ್ತದಂತೆ. ಅಂಥ ಸೂಜಿ ಮೇಲಿಂದ ಮೇಲೆ ಹಾಕಿಸಿಕೊಂಡರೆ ನೋವು ಮಲಗುತ್ತದೆ, ಜೊತೆಗೆ ನರವೂ ಹಳೆಯ ಬಾವಿಹಗ್ಗದ ಹಾಗೆ ಸಡಿಲಾಗುತ್ತದೆ. ಅದಕ್ಕೇ ಆ ಡಾಕ್ಟರು ಆರಾಮ ಕೊಡಿ ಎಂದದ್ದು. ನಾನು ಅದರ ಮೇಲೆ ಕುಣಿದೆ. ಎರಡು ತಿಂಗಳು ಅರಿಶಿಣ ಹಚ್ಚಿಕೊಂಡು ಕೂತದ್ದಕ್ಕೆ ಇವರು ಬೈದದ್ದು ಬೇರೆ.

ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ನಿನ್ನನ್ನು ತಾವು ಎಂದೆ. ನಿನ್ನ ಮಂದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದೆ. ನನಗೆ ಬಹಳ ನಾಚಿಕೆಯಾಗಿದೆ. ಮಾಫ್ ಮಾಡು. ಮದುವೆ ಹದಿನೈದಕ್ಕೇ ಆಗಲಿ.

ನಿನ್ನ
ಬಸವಣಪ್ಪ


ಹುಮನಾಬಾದ
27 ಜನವರಿ 1998

ಬಸವಣಪ್ಪಾ,

ಈ ಪತ್ರ ನಿನ್ನ ಕೈ ಸೇರುವಾಗ ನಿನ್ನ ಮನಸ್ಸು ತಣ್ಣಗಾಗಲಿ.

ನಿನ್ನೆ ನಮ್ಮ ಮನೆಯಲ್ಲಿ ಐದು ಜನ ಹಿರಿಯರನ್ನು ಕೂಡಿಸಿದೆ. ನಮ್ಮ ದೊಡ್ಡಣ್ಣ, ಓಣಿಯವರು, ಅಬ್ದುಲ್ ಕರೀಂ ಸೇಠರು. ಎಲ್ಲರ ಮುಂದೆ ಹೇಳಿದೆ: “ಒದ್ದಾಂವ ನಾನ. ತಪ್ಪಾಗೇದ.” ಸೇಠರು “ಯಾವ ಕಾಲಿಂದ ಒದ್ರಿ?” ಎಂದು ಕೇಳಿದರು. ಅದನ್ನು ನಾನು ಯೋಚಿಸಿರಲಿಲ್ಲ. ಬಲಗಾಲು ಎಂದೆ. ಆಮೇಲೆ ಎಡಗಾಲು ಎಂದೆ. ಎರಡೂ ಕಾಲಿನಿಂದ ಒದ್ದಾನೆ ಎಂದು ಬರೆದುಕೊಳ್ಳಿ ಎಂದು ದೊಡ್ಡಣ್ಣ ಹೇಳಿದ.

ಒಮ್ಮೆಗೇ ಬುದ್ಧಿ ಯಾಕೆ ಬದಲಾಯಿತು ಎನ್ನುತ್ತೀಯಾ? ಕಿರಣ ಊಟ ಬಿಟ್ಟಿದ್ದಾನೆ ಎಂದು ಸುಳ್ಳು ಹೇಳುವುದಿಲ್ಲ, ಹೊಟ್ಟೆ ತುಂಬ ಉಣ್ಣುತ್ತಾನೆ. ಆದರೆ ಉಣ್ಣುವಾಗ ಯಾರ ಮುಖವನ್ನೂ ನೋಡುವುದಿಲ್ಲ. ನನ್ನ ಜೊತೆ ಅಂಗಡಿಯಲ್ಲಿ ದಿನವಿಡೀ ಕೂಡುತ್ತಾನೆ, ಬಟ್ಟೆಯ ದರ ಬಿಟ್ಟರೆ ಬೇರೆ ಮಾತಿಲ್ಲ. ಅದೂ ಅಲ್ಲದೆ ನನಗೇ ಸಂಶಯ ಬಂದಿದೆ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ತಾಳ ಹಿಡಿದು, ಹೆಜ್ಜೆ ಹಾಕಿ, ನನ್ನ ಕಾಲು ಎಷ್ಟು ಎತ್ತರ ಹೋಗುತ್ತದೆ ಎಂದು ಬಟ್ಟೆಯ ಗಂಟನ್ನು ಒದ್ದು ನೋಡಿದೆ. ನಮ್ಮ ಕೆಲಸದ ದತ್ತಾತ್ರಿ ಹೆದರಿ ಹೊರಗೆ ಓಡಿದ. ಕಾಲು ಅಷ್ಟು ಎತ್ತರ ಹೋಗುತ್ತದೆ, ಬಸವಾ. ಒದ್ದಿದ್ದರೂ ಒದ್ದಿರಬಹುದು.

ಒದ್ದಿಲ್ಲ ಎಂದು ಗೆದ್ದು ನಿನ್ನನ್ನು ಕಳೆದುಕೊಂಡು ನಾನೇನು ಮಾಡಲಿ? ತಪ್ಪಾಯಿತು. ಮಗಳನ್ನು ಕೊಡು.

ನಿನ್ನ
ಮಾಣಿಕಪ್ಪ


ಹುಮನಾಬಾದ
6 ಫೆಬ್ರುವರಿ 1998

ಪ್ರೀತಿಯ ಬಸವಾ,

ನಿನ್ನ ಪತ್ರ ಬಂತು. ಓದಿ ಮೊದಲು ನಕ್ಕೆ, ಆಮೇಲೆ ಕಣ್ಣೊರೆಸಿಕೊಂಡೆ, ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಒಂದು ವಾರ ಮುಂಚೆ ಬರೆಯಲು ನಿನಗೇನಾಗಿತ್ತು?

ಒಪ್ಪಿಕೊಂಡದ್ದನ್ನು ನಾನೀಗ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನೀನು ಬಯಸಬಹುದು. ಅದು ಆಗುವುದಿಲ್ಲ. ಒದ್ದಿಲ್ಲ ಎಂದಾಗ ಯಾರೂ ನಂಬಲಿಲ್ಲ. ಒದ್ದೆ ಎಂದಾಗ ಎಲ್ಲರೂ ಒಂದೇ ಮಾತಿಗೆ ನಂಬಿದರು. ಈಗ ಮತ್ತೆ ಒದ್ದಿಲ್ಲ ಎಂದರೆ ನನ್ನನ್ನು ಮೂಳೆ ಡಾಕ್ಟರ ಹತ್ತಿರ ಅಲ್ಲ, ತಲೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

ಇನ್ನೊಂದು ಮಾತು. ನೀನು ಸೂಜಿಯ ಕಥೆ ಹೊರಗೆ ಹೇಳಿದರೆ, ಹೆಣ್ಣಿನ ತಂದೆ ಸುಮ್ಮಸುಮ್ಮನೆ ಬೀಗನ ಮೇಲೆ ಅಪವಾದ ಹೊರಿಸಿದ ಎಂದಾಗುತ್ತದೆ. ನಾಳೆ ಭುವನೇಶ್ವರಿ ಈ ಮನೆಗೆ ಬಂದು ಸಾರಿಗೆ ಉಪ್ಪು ಹೆಚ್ಚು ಹಾಕಿದರೆ, ನಮ್ಮ ಹೆಂಗಸರು ನಿನ್ನ ಹೆಸರು ಎತ್ತುತ್ತಾರೆ. ಆ ಹುಡುಗಿ ಯಾಕೆ ಕೇಳಬೇಕು? ನಾನು ಗಂಡಿನ ತಂದೆ. ನನ್ನ ಮರ್ಯಾದೆಯಲ್ಲಿ ಒಂದಿಷ್ಟು ಕಡಿಮೆಯಾದರೆ ಏನೂ ಕೆಡುವುದಿಲ್ಲ.

ಇಲ್ಲಿ ಎಲ್ಲಾ ಚೆನ್ನಾಗಿದೆ. ಅಂಗಡಿಗೆ ಬಂದವರು ನನ್ನ ಕಾಲಿಗೆ ಸಿಗದಂತೆ ಸ್ವಲ್ಪ ದೂರ ಕೂಡುತ್ತಾರೆ, ಅಷ್ಟೇ. ಸೋಮವಾರದ ಭಜನೆಯಲ್ಲಿ ನನ್ನ ಮುಂದೆ ಯಾರೂ ನಿಲ್ಲುವುದಿಲ್ಲ. ಹೀಗಾಗಿ ಎಲ್ಲರಿಗಿಂತ ಮುಂದೆ ನಾನೇ ನಿಂತಿರುತ್ತೇನೆ. ನೀನು ಹೇಳಿದಂತೆ ನನ್ನ ಆಸೆ ತೀರಿತು.

ಪಟ್ಟಿ ಹಾಕಿದ ಕಾಲನ್ನು ಜೋಪಾನ ಮಾಡು.

ನಿನ್ನ
ಮಾಣಿಕಪ್ಪ


ಬಸವಕಲ್ಯಾಣ
12 ಫೆಬ್ರುವರಿ 1998

ಮಾಣಿಕ,

ನಿನ್ನ ಪತ್ರದ ಕೊನೆಯ ಸಾಲುಗಳನ್ನು ಓದಿ ಊಟ ಸೇರಲಿಲ್ಲ. ನೀನು ನಗಿಸಲು ಬರೆದದ್ದು, ನನಗೆ ನಗು ಬರಲಿಲ್ಲ. ಮದುವೆಯ ದಿನ ಆಯೇರಿಯ ಉಡುಗೊರೆ ಕೊಡುವಾಗ, ನಿನ್ನ ತಲೆಗೆ ರುಮಾಲು ಸುತ್ತಿ, ಎರಡೂ ಊರಿನವರ ಮುಂದೆ ಸತ್ಯ ಹೇಳುತ್ತೇನೆ. ಬೇಡ ಎಂದು ಬರೆಯಬೇಡ. ಬರೆದರೆ ಓದುವುದಿಲ್ಲ.

ನಿನ್ನ
ಬಸವಣಪ್ಪ


ಬಸವಕಲ್ಯಾಣ
18 ಮಾರ್ಚ್ 1998

ಚಿ. ಸೌ. ಅನುರಾಧಾಗೆ ಅವ್ವನ ಆಶೀರ್ವಾದಗಳು.

ನಿನ್ನ ತಂಗಿಯ ಮದುವೆ ಆಯಿತು. ನೀನಿಲ್ಲದ್ದು ನನಗೆ ಹೆಜ್ಜೆಹೆಜ್ಜೆಗೂ ನೆನಪಾಯಿತು. ಆದರೆ ನೀನು ಇದ್ದಿದ್ದರೆ ಆಗ ನಕ್ಕ ನಗುವಿಗೆ ಅಲ್ಲೇ ಹೆರಿಗೆ ಆಗುತ್ತಿತ್ತು, ಬಾರದ್ದೇ ಒಳ್ಳೆಯದಾಯಿತು.

ಅಕ್ಕಿಕಾಳು ಬಿದ್ದು, ಊಟಕ್ಕೆ ಎಲೆ ಹಾಕುವ ಮುಂಚೆ ಬೀಗರಿಗೆ ಆಯೇರಿ. ನಿಮ್ಮಪ್ಪ ಮೊಣಕಾಲವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿದ ಕಾಲಿನಲ್ಲಿ ಕೋಲು ಊರಿಕೊಂಡು ಹಂದರದ ನಡುವೆ ಬಂದು ನಿಂತರು. ಮಾಣಿಕಪ್ಪಣ್ಣನಿಗೆ ಶಾಲು ಹೊದಿಸಿ, ರೇಷ್ಮೆ ರುಮಾಲು ಸುತ್ತಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು: “ಎಲ್ಲಾರೂ ಕೇಳ್ರಿ. ನನ್ನ ಬೀಗ ನನಗ ಒದ್ದಿಲ್ಲ. ಡಾಕ್ಟರ ಮಾತು ಕೇಳದ ಸೂಜಿ ಮ್ಯಾಲ ಸೂಜಿ ಹಾಕಸ್ಕೊಂಡು ಕುಣದೀನಿ, ನರ ತಾನ ಹರದದ. ತಪ್ಪು ನಂದು.”

ಯಾರು ನಂಬುತ್ತಾರೆ? ಹಂದರದ ತುಂಬ ಪಿಸುಮಾತು ಹಬ್ಬಿತು. “ಎಂಥಾ ದೊಡ್ಡ ಮನಸು ನೋಡ್ರಿ!” ಎಂದರು. ತುಳಜಾಬಾಯಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಒದ್ದಾವನ ಇಜ್ಜತ್ ಉಳಸಾಕ ತನ್ನ ಮ್ಯಾಲ ಹಾಕೊಳ್ಳಾಕತ್ತಾನ. ದೇವರಂಥಾ ಮನಶಾ” ಎಂದಳು. ಲಾಲ್ ಅಹ್ಮದ್ ಟೇಲರ್ ಎದ್ದು ನಿಂತು, “ಬಸವಣಪ್ಪೋರ, ನನ್ನ ಅಂಗಡಿ ಮುಂದ ಆಗೇದ, ನಾ ಖುದ್ದ ನೋಡೀನಿ. ಬೀಗರು ಬಗ್ಗಿ ನಮಸ್ಕಾರ ಮಾಡಿದ್ರು” ಎಂದ. ನಿಮ್ಮಪ್ಪ ಇಲ್ಲ ಎಂದಷ್ಟೂ ಜನ ಇವರನ್ನು ಹೊಗಳಿದರು. ಹೊಗಳಿದಷ್ಟೂ ಮಾಣಿಕಪ್ಪಣ್ಣನ ಹೊಸ ರುಮಾಲು ಕೆಳಗೆ ಬಗ್ಗುತ್ತಾ ಹೋಯಿತು. ಅವನು ನಗಲು ನೋಡಿದ, ಆಗಲಿಲ್ಲ.

ನಿಮ್ಮಪ್ಪ ಅವನ ಮುಖ ನೋಡಿದರು. ಆಮೇಲೆ, “ಮಾಣಿಕ, ಜರಾ ಆ ಕಡಿ ತಿರುಗು. ರುಮಾಲ ಹಿಂದ ಸಡ್ಲ ಆಗೇದ” ಎಂದರು. ಅವನು ಪಾಪ ತಿರುಗಿದ. ಇವರು ಒಂದು ಕೈಯಲ್ಲಿ ಹಂದರದ ಕಂಬ ಹಿಡಿದರು. ಏನು ಮಾಡುತ್ತಾರೆಂದು ನನಗೆ ಹೊಳೆಯುವಷ್ಟರಲ್ಲಿ ಆ ಪಟ್ಟಿಯ ಕಾಲು ಎತ್ತಿ, ಬೀಗರ ಹಿಂಭಾಗಕ್ಕೆ ಧಪ್ ಎಂದು ಒಂದು ಒದ್ದರು.

ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿದರು. ರುಮಾಲು ಉರುಳಿ ಅಬ್ದುಲ್ ಕರೀಂ ಸೇಠರ ತೊಡೆಯ ಮೇಲೆ ಬಿತ್ತು. ಮಾಣಿಕಪ್ಪಣ್ಣ ಗರ್ರನೆ ತಿರುಗಿ, “ಯಾವಲೇ ಒದ್ದಾಂವ!” ಎಂದ.

“ನಾ,” ಎಂದರು ಇವರು. “ಒದಿ ಅಂದ್ರ ಇದು. ಎಲ್ಲಾರೂ ಸರಿಯಾಗಿ ನೋಡಿದ್ರಿಲ್ಲ? ಅವತ್ತ ಇಂಥಾದ್ದು ಯಾರರೇ ನೋಡಿದ್ರೆ ಹೇಳ್ರಿ. ನೋಡಿಲ್ಲ. ಈ ಬೀಗತನದಾಗ ಒದ್ದಾಂವ ಅಂದ್ರ ನಾ ಒಬ್ಬನ. ದೊಡ್ಡ ಮನಸು ಗಿಡ್ಡ ಮನಸು ಅಂತ ಇನ್ನ ಯಾರೂ ಬಾಯಿ ತೆಗೀಬ್ಯಾಡ್ರಿ.”

ಅಷ್ಟು ಹೇಳಿ ಅವರು ನಮಸ್ಕಾರ ಮಾಡಲು ಬಗ್ಗಿದರು. ಎಲ್ಲಿ ಬಗ್ಗುವುದು? ಪಟ್ಟಿಯ ಕಾಲು ಊರಲು ಬಾರದು, ಕೋಲು ಜಾರಿತು, ಮನುಷ್ಯ ಗಾಳಿಯಲ್ಲಿ ತೂರಾಡಿದರು. ಮಾಣಿಕಪ್ಪಣ್ಣ ಅವರನ್ನು ತೆಕ್ಕೆಯಲ್ಲಿ ಹಿಡಿದು ಚಾಪೆಯ ಮೇಲೆ ಕೂಡಿಸಿದ, ತಾನೂ ಪಕ್ಕದಲ್ಲಿ ಕೂತ. ಕೂತು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಮೊದಲು ಸೇಠರು ನಕ್ಕರು. ಆಮೇಲೆ ಇಡೀ ಹಂದರ ನಕ್ಕಿತು. ಬಾಸಿಂಗ ಕಟ್ಟಿಕೊಂಡ ಮದುಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು, ನಾನು ಚಿವುಟಬೇಕಾಯಿತು. ಯಾರು ಮೊದಲು ಒದ್ದರು ಎಂಬ ಮಾತು ಆಮೇಲೆ ಏಳಲಿಲ್ಲ. ಆ ದಿನ ಹೋಳಿಗೆ ಒಂದೂ ಉಳಿಯಲಿಲ್ಲ.

ಸಂಜೆ ಭುವನೇಶ್ವರಿಯನ್ನು ಕಳಿಸಿಕೊಟ್ಟೆವು. ನಾನು ಅತ್ತೆ, ಅವಳು ಅತ್ತಳು, ಟೆಂಪೋಗಳು ಹೋದವು. ಒಳಗೆ ಹೋಗಿ ಪಾತ್ರೆ ಎಣಿಸುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಟೆಂಪೋ ತಿರುಗಿ ಬಂತು. ಬಸವಕಿರಣ ಅರಿಶಿಣದ ಬಟ್ಟೆಯಲ್ಲೇ ಇಳಿದು ಓಡಿ ಬಂದ. ದಾರಿಯಲ್ಲಿ ರಾಜೇಶ್ವರ ಊರಿನವರೆಗೆ ಹೋದ ಮೇಲೆ ಗೊತ್ತಾಯಿತಂತೆ, ಮದುಮಗನ ಅಪ್ಪನೇ ಇಲ್ಲ. ಅವನು ಇನ್ನೊಂದು ಟೆಂಪೋದಲ್ಲಿದ್ದಾನೆಂದು ಎರಡೂ ಟೆಂಪೋದವರು ತಿಳಿದಿದ್ದರು.

ನೋಡಿದರೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಾರೆ. ನಿಮ್ಮಪ್ಪನ ಪಟ್ಟಿಯ ಕಾಲು ಮಾಣಿಕಪ್ಪಣ್ಣನ ತೊಡೆಯ ಮೇಲಿದೆ. ಇಬ್ಬರ ನಡುವೆ ಚಹಾದ ಖಾಲಿ ಕಪ್ಪುಗಳು ಸಾಲಾಗಿವೆ.

“ಅಪ್ಪಾ, ನಡೀ. ಎಲ್ಲಾರೂ ರಾಜೇಶ್ವರದಾಗ ನಿಂತಾರ,” ಎಂದ ಕಿರಣ.

ಮಾಣಿಕಪ್ಪಣ್ಣ ಅಲ್ಲಾಡಲಿಲ್ಲ. “ನಿಮಗ ಸೊಸಿ ಸಿಕ್ಕಾಳಲ್ಲೋ, ನಾ ಯಾಕ ಬೇಕು? ನೀವು ಹೋಗ್ರಿ,” ಎಂದ. “ನಮ್ಮದು ಮೂರು ತಿಂಗಳ ಮಾತು ಬಾಕಿ ಉಳದದ.”

ಇವತ್ತಿಗೂ ಮುಗಿದಿಲ್ಲ. ಇಬ್ಬರಿಗೂ ಅಡುಗೆ ಮಾಡಲು ಏಳಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅವ್ವ
ಮೀರಾಬಾಯಿ